ಗಾಬರಿ ಎಂದರೆ ಅಂಜಿಕೆಯಲ್ಲ

ನರ್ಸ್ ಕೆಲಸದಿಂದ ನಿವೃತ್ತಿಯಾಗಿ ಬೀದರಿನ ಚಿದ್ರಿಯ ಮನೆಯಲ್ಲಿ ಕುಳಿತ ಮೇಲೆ ನನಗೊಂದು ಹೊಸ ನೌಕರಿ ಸಿಕ್ಕಿದೆ. ನಮ್ಮ ಓಣಿಯಲ್ಲಿ ಬಾಡಿಗೆಗಿರುವ ನರ್ಸಿಂಗ್ ಹುಡುಗಿಯರು ಸಂಜೆ ಬಂದು ಪ್ರಶ್ನೆ ಕೇಳುತ್ತಾರೆ, ನಾನು ಉತ್ತರ ಹೇಳುತ್ತೇನೆ. ಸಂಬಳವಿಲ್ಲ, ಚಹಾ ಸಕ್ಕರೆಯೂ ನನ್ನದೇ. ಇಸಿಜಿಯಲ್ಲಿ ಯಾವ ಗೆರೆ ಏನು ಹೇಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಗಂಡನ ಎದುರಿಗೂ ಸೆರಗು ಜಾರಿಸದ ಮುದುಕಿಯ ಎದೆಗೆ ಆ ಯಂತ್ರದ ತಂತಿಗಳನ್ನು ಹಚ್ಚುವುದು ಹೇಗೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರ ಪುಸ್ತಕದಲ್ಲಿ ಮುದುಕಿಯ ಚಿತ್ರವೇ ಇಲ್ಲ, ಪಾಪ. ಅಲ್ಲಿರುವುದು ತಲೆಯಿಲ್ಲದ ಒಬ್ಬ ಗಂಡಸಿನ ಎದೆ ಮಾತ್ರ.

ಅದನ್ನು ನನಗೆ ಕಲಿಸಿದವರು ನನ್ನ ಮೊದಲ ಹೆಡ್ ಸಿಸ್ಟರ್. ಕೆಲಸಕ್ಕೆ ಸೇರಿದ ವಾರದಲ್ಲೇ ನನ್ನ ಕೈಗೆ ಒಂದು ಶುಭ್ರವಾದ ಚಾದರ ಕೊಟ್ಟು, "ಸಲೋಮಿ, ಮೊದಲ ಹೊದಸು, ಆಮ್ಯಾಗ ಬಿಚ್ಚಸು" ಅಂದಿದ್ದರು. ಇಷ್ಟೇ ಪಾಠ. ಚಾದರದ ಒಳಗೆ ಕೈ ಹಾಕಿ, ಕಣ್ಣಿನಿಂದಲ್ಲ, ಬೆರಳಿನಿಂದ ಪಕ್ಕೆಲುಬು ಎಣಿಸಬೇಕು. ನಮ್ಮ ಕಾಲದ ಯಂತ್ರಕ್ಕೆ ರಬ್ಬರಿನ ಗುಂಡಿಗಳಿದ್ದವು. ಒತ್ತಿ ಬಿಟ್ಟರೆ ಎದೆಗೆ ಕಚ್ಚಿಕೊಳ್ಳುತ್ತಿದ್ದವು, ಕೂದಲಿನ ಎದೆಯಾದರೆ ಟಪ್ಪನೆ ಉದುರುತ್ತಿದ್ದವು. ಒಮ್ಮೆ ಹೊಸದಾಗಿ ಬಂದ ಡಾಕ್ಟರೊಬ್ಬರು ಎಡಗೈ ತಂತಿಯನ್ನು ಬಲಗೈಗೂ ಬಲಗೈಯದನ್ನು ಎಡಗೈಗೂ ಕಟ್ಟಿ, ಗೆರೆ ತಲೆಕೆಳಗಾದದ್ದನ್ನು ಕಂಡು ತಾವೇ ಬೆವತು, ಬರೀ ಕೆಮ್ಮಿಗೆ ಔಷಧಿ ಒಯ್ಯಲು ಬಂದಿದ್ದ ರೈತನನ್ನು ಬೀದರಿಗೆ ಸಾಗಿಸಿದ್ದರು. ಹಿಂದಿನಿಂದ ಎರಡು ಜೀಪು ನೆಂಟರು ಅಳುತ್ತಾ ಹೋದರು. ಬೀದರಿನಲ್ಲಿ ತಂತಿ ಸರಿಯಾಗಿ ಕಟ್ಟಿ ನೋಡಿದರೆ ಆತನ ಹೃದಯ ಕುದುರೆಯಂತಿತ್ತು. ಕೆಮ್ಮಿನ ಔಷಧಿ ಮಾತ್ರ ಯಾರೂ ಕೊಟ್ಟಿರಲಿಲ್ಲವಂತೆ.

ಆದರೆ ಇವತ್ತು ನಾನು ಬರೆಯಲು ಕುಳಿತದ್ದು ಡಾಕ್ಟರ್ ಪುಟ್ಟಸ್ವಾಮಿ ಎಂಬವರ ಬಗ್ಗೆ, ಮತ್ತು ಅವರಿಗೆ ಒಂದು ಮಾತನ್ನು ಕಲಿಸಿದ ಹೆಂಗಸಿನ ಬಗ್ಗೆ. ಡಾಕ್ಟರನ್ನು ಹೊಗಳುವುದು ನನ್ನ ಚಟವಲ್ಲ. ನನ್ನ ಜೊತೆ ದುಡಿದವರನ್ನು ಯಾರನ್ನು ಬೇಕಾದರೂ ಕೇಳಿ. ಇವರನ್ನು ಮಾತ್ರ ಹೊಗಳದಿದ್ದರೆ ನನ್ನ ನಾಲಿಗೆಗೆ ಋಣ ಉಳಿಯುತ್ತದೆ.

ಔರಾದ ಕಡೆ ನಾನಿದ್ದ ಒಂದು ಸಣ್ಣ ಸರ್ಕಾರಿ ದವಾಖಾನೆಗೆ ಅವರು ಮಂಡ್ಯ ಸೀಮೆಯಿಂದ ವರ್ಗವಾಗಿ ಬಂದರು. ಊರ ಹೆಸರು ಬೇಡ. ತೆಳ್ಳಗಿನ ಮನುಷ್ಯ, ಮೆತ್ತಗಿನ ಮಾತು, ಎಲ್ಲರನ್ನೂ ಅಮ್ಮ, ಅಪ್ಪ ಎಂದು ಕರೆಯುವುದು. ನಮ್ಮ ಮಂದಿಗೆ ಆ ಕನ್ನಡ ಕೇಳಿದರೆ ಸಿನಿಮಾ ನೋಡಿದ ಖುಷಿ. ಅವರಿಗೆ ನಮ್ಮ ಕನ್ನಡ ಅರ್ಧ ಮರಾಠಿ, ಅರ್ಧ ಉರ್ದು, ಉಳಿದದ್ದು ದೇವರಿಗೇ ಪ್ರೀತಿ. ಬಂದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಹೊಟ್ಟೆ ಕಡಿಯುತ್ತದೆ ಎಂದಳು. ಹೊಟ್ಟೆ ಹಿಂಡುವ ನೋವಿಗೆ ನಾವು ಹಾಗನ್ನುತ್ತೇವೆ. ಅವರ ಕಡೆ ಕಡಿತ ಎಂದರೆ ತುರಿಕೆ. ಪಾಪ, ಅವರು ಟಾರ್ಚು ಹಿಡಿದು ಆಕೆಯ ಹೊಟ್ಟೆಯ ಮೇಲೆ ಗುಳ್ಳೆ ಹುಡುಕಿ ಹುಡುಕಿ, ಕೊನೆಗೆ ಹಚ್ಚಲು ಮುಲಾಮು ಬರೆದುಕೊಟ್ಟರು. ನಾವು ನಕ್ಕೆವು, ಅವರೂ ನಕ್ಕರು. ಭಾಷೆಯ ತಪ್ಪು ನಗುವಿನಲ್ಲೇ ಮುಗಿಯುತ್ತದೆ ಎಂದು ನಮಗೆಲ್ಲ ಅನ್ನಿಸಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ವೈಜನಾಥ ಎಂಬವನು ಬಂದ. ಸಂತೆಗೆ ಮಂದಿಯನ್ನೂ ಮೂಟೆಗಳನ್ನೂ ಹೇರಿಕೊಂಡು ಹೋಗುವ ಟಂಟಂ ಗಾಡಿ ಅವನದು. ಗಟ್ಟಿ ಆಳು. ಅವನ ಹೆಂಡತಿ ರತ್ನಾಬಾಯಿ ಜೊತೆಯಲ್ಲಿದ್ದಳು. ಅವನು ತಾನೇ ಗಾಡಿ ನಡೆಸಿಕೊಂಡು ಬಂದು, ಸಾಲಿನಲ್ಲಿ ನಿಂತು, ತನ್ನ ಪಾಳಿ ಬಂದಾಗ ಹೇಳಿದ್ದು ಒಂದೇ ಮಾತು.

"ಸಾಬ್, ಮುಂಜಾನಿಂದ ಭಾಳ ಗಾಬರಿ ಆಗ್ಲತ್ತದ್ರಿ."

ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟು ಕೇಳಿದರಂತೆ: ಯಾಕೆ ಗಾಬರಿ, ಮನೆಯಲ್ಲಿ ಏನಾದರೂ ತೊಂದರೆಯಾ, ಯಾರಾದರೂ ಏನಾದರೂ ಅಂದರಾ? ಎದೆ ನೋವಿದೆಯೇ ಎಂದೂ ಕೇಳಿದರು. ನೋವಿಲ್ಲ, ಬರೀ ಗಾಬರಿ ಎಂದ. ಹೆದರಿಕೊಳ್ಳಬೇಡಿ, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿ ಮನಸ್ಸು ಶಾಂತವಾಗುವ ಗುಳಿಗೆ ಬರೆದರು. ರತ್ನಾಬಾಯಿ ಬಾಗಿಲ ಬಳಿ ನಿಂತು ಹಿಂದಿರುಗಿ, "ಇವ್ರು ಅಂಜೋ ಮನಷ್ಯಾ ಅಲ್ರಿ" ಎಂದಳಂತೆ. ಸಾಲು ಉದ್ದ ಇತ್ತು. ಮುಂದಿನವನು ಆಗಲೇ ಸ್ಟೂಲಿನ ಮೇಲೆ ಕುಳಿತಿದ್ದ.

ನಾನು ಒಳಗೆ ಇಂಜೆಕ್ಷನ್ ಕೋಣೆಯಲ್ಲಿದ್ದೆ. ಅಂಗಳದಲ್ಲಿ ಕೂಗು ಕೇಳಿ ಓಡಿಬಂದಾಗ ವೈಜನಾಥ ತನ್ನ ಗಾಡಿಯ ಪಕ್ಕ ಬಿದ್ದಿದ್ದ, ಅಂಗಿಯೆಲ್ಲ ನೀರಿನಲ್ಲಿ ಅದ್ದಿದಂತೆ ಬೆವತಿತ್ತು. ಡಾಕ್ಟರು ಮಣ್ಣಿನಲ್ಲೇ ಮೊಣಕಾಲೂರಿ ಅವನ ಎದೆ ಒತ್ತಿದರು. ಬಹಳ ಹೊತ್ತು ಒತ್ತಿದರು. ನಾನು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು. ಇಸಿಜಿ ಯಂತ್ರ ಒಳಗೆ ಅಲಮಾರಿಯಲ್ಲಿ ಬಟ್ಟೆ ಹೊದ್ದುಕೊಂಡು ಮಲಗಿತ್ತು.

ಮಂದಿ ಹೋದ ಮೇಲೆ ಅವರು ನನ್ನನ್ನು ಕರೆದು, ಗಾಬರಿ ಅಂದರೆ ಏನು ಸಿಸ್ಟರ್ ಎಂದು ಕೇಳಿದರು. ಹೆದರಿಕೆಯಲ್ಲ ಎಂದಷ್ಟೇ ಹೇಳಲು ಆಯಿತು. ಹುಟ್ಟಿದಾಗಿನಿಂದ ಆಡಿದ ಮಾತು. ಅದಕ್ಕೊಂದು ಅರ್ಥ ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತು? ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು. ಹೆದರಿಕೆಗೆ ನಮ್ಮಲ್ಲಿ ಬೇರೆ ಮಾತಿದೆ, ಅಂಜಿಕಿ. ಗಾಬರಿ ಎಂದರೆ ಅದಲ್ಲ. ಮರುದಿನದಿಂದ ಅವರು ಹೊರಗಿನ ಬೇವಿನ ಕಟ್ಟೆಯ ಮೇಲೆ ಕುಳಿತು ಬಂದವರನ್ನೆಲ್ಲ ಕೇಳತೊಡಗಿದರು. ಒಬ್ಬ ಒಳಗೊಳಗೆ ಜೀವ ಹಾರಿದ ಹಾಗೆ ಎಂದ. ಒಬ್ಬಳು ಕೈಕಾಲು ತಣ್ಣಗಾಗಿ ಬೆವರು ಕಿತ್ತುಕೊಂಡು ಬರುವುದು ಎಂದಳು. ಒಬ್ಬ ಮುದುಕ ಕಣ್ಣು ಮುಚ್ಚಿ ಸ್ವಲ್ಪ ವಿಚಾರ ಮಾಡಿ, ಎದೆಯ ಮೇಲೆ ಯಾರೋ ಕುಂತಂಗ, ಆದರ ನೋವಲ್ಲ ಎಂದ. ವೈದ್ಯಶಾಸ್ತ್ರದ ದಪ್ಪ ಪುಸ್ತಕದಲ್ಲಿ ಎರಡು ಪುಟ ಹೇಳಿದ್ದನ್ನು ನಮ್ಮ ಮಂದಿ ಒಂದೇ ಮಾತಿನಲ್ಲಿ ಕಟ್ಟಿಟ್ಟಿದ್ದರು.

ಆಮೇಲೆ ಅವರು ವೈಜನಾಥನ ಮನೆಗೆ ಹೊರಟರು. ಹೋಗಬೇಡಿ, ಬಡಿದಾರು ಎಂದು ಎಲ್ಲರೂ ತಡೆದರು. ಅವರು ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ರತ್ನಾಬಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಮನೆ ತುಂಬ ನೆಂಟರು. ಡಾಕ್ಟರು ನೆಲದ ಮೇಲೆ ಕುಳಿತು, ಸುತ್ತು ಬಳಸು ಇಲ್ಲದೆ ಹೇಳಿದರು: ನಿಮ್ಮ ಯಜಮಾನರು ಹೇಳಿದ್ದು ನನಗೆ ತಿಳಿಯಲಿಲ್ಲ, ಅವರಿಗೆ ಆಗಿದ್ದು ಹೃದಯಾಘಾತ, ನಾನು ಅದನ್ನು ಹೆದರಿಕೆ ಅಂದುಕೊಂಡೆ. ಯಾವ ಡಾಕ್ಟರೂ ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಹೆಂಗಸು ಅಳಲಿಲ್ಲ, ಬೈಯಲಿಲ್ಲ.

"ನಮ್ಮ ಮಾತ ಕಲೀರಿ ಸಾಬ್" ಎಂದಳು. "ಆಮ್ಯಾಗ ದವಾ ಕೊಡ್ರಿ."

ಅವರು ಕಲಿತರು. ಹುಡುಗಿಯರೇ, ಇದನ್ನು ನೀವು ಮನಸ್ಸಿಟ್ಟು ಓದಬೇಕು. ತಪ್ಪಾದ ಮೇಲೆ ವರ್ಗ ಮಾಡಿಸಿಕೊಂಡು ಊರಿಗೆ ಓಡಿಹೋದ ಡಾಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಇಲ್ಲೇ ಉಳಿದರು. ಅವತ್ತಿನಿಂದ ಅವರಿದ್ದಲ್ಲೆಲ್ಲ ಒಂದೇ ಕಟ್ಟಳೆ: ಗಾಬರಿ ಎಂದವರು ಸಾಲಿನಲ್ಲಿ ನಿಲ್ಲಬಾರದು, ಚೀಟಿ ಆಮೇಲೆ, ಮೊದಲು ಇಸಿಜಿ. ಯಂತ್ರ ಅಲಮಾರಿಯಿಂದ ಹೊರಬಂದು ಬಾಗಿಲ ಪಕ್ಕದ ಮೇಜಿನ ಮೇಲೆ ಕುಳಿತಿತು. ಹತ್ತು ಮಂದಿಗೆ ತೆಗೆದರೆ ಎಂಟು ಒಂಬತ್ತು ಮಂದಿಗೆ ಏನೂ ಇರುತ್ತಿರಲಿಲ್ಲ. ಕಾಗದ ಹಾಳು ಎಂದು ಮೇಲಿನವರು ಗೊಣಗಿದರು. ಗೊಣಗಲಿ ಬಿಡಿ ಸಿಸ್ಟರ್, ಕಾಗದ ಮತ್ತೆ ತರಿಸಬಹುದು ಎನ್ನುತ್ತಿದ್ದರು.

ಅವರು ನನಗೆ ಹೃದಯವನ್ನು ತಿಳಿಸಿದ ರೀತಿಯಲ್ಲೇ ನಾನು ನಿಮಗೆ ಹೇಳುತ್ತೇನೆ. ಮೈತುಂಬ ರಕ್ತ ಹಂಚುವ ಹೃದಯ ತನ್ನ ಪಾಲಿನ ರಕ್ತವನ್ನು ತನ್ನ ಮೇಲೆ ಹಬ್ಬಿರುವ ಸಣ್ಣ ನಾಳಗಳಿಂದಲೇ ಪಡೆಯಬೇಕು. ಆ ನಾಳಗಳ ಒಳಗೋಡೆಗೆ ವರ್ಷಗಟ್ಟಲೆ ಕೊಬ್ಬು ಕೂರುತ್ತದೆ. ಒಂದು ದಿನ ಅದು ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಮೇಲೆ ಆ ಭಾಗದ ಮಾಂಸ ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸಿನಿಮಾದಲ್ಲಿ ಎದೆ ಹಿಡಿದುಕೊಂಡು ಬೀಳುತ್ತಾರಲ್ಲ, ಹಾಗೆ ಎಲ್ಲರೂ ಬೀಳುವುದಿಲ್ಲ. ಕೆಲವರಿಗೆ ದವಡೆ ನೋಯುತ್ತದೆ, ಕೆಲವರಿಗೆ ಬೆನ್ನು, ಕೆಲವರಿಗೆ ತೋಳು, ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಎಷ್ಟೋ ಸಲ ನೋವೇ ಇಲ್ಲದೆ ಬರೀ ಬೆವರು, ವಾಂತಿ, ಸುಸ್ತು, ನಮ್ಮ ಗಾಬರಿ. ಇದೆಲ್ಲವನ್ನೂ ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದವರಲ್ಲಿ ಎಷ್ಟು ಮಂದಿ ಏಳಲಿಲ್ಲವೋ ದೇವರಿಗೇ ಗೊತ್ತು.

ಇನ್ನೊಂದು ಮಾತನ್ನೂ ಅವರು ನಮ್ಮಿಂದಲೇ ಕಲಿತರು. ತಂಬಾಕು ತಿನ್ನುತ್ತೀರಾ ಎಂದು ಕೇಳಿದರೆ ನಮ್ಮ ಹೆಂಗಸರು ಕಿವಿ ಮುಟ್ಟಿಕೊಂಡು ಇಲ್ಲ ಎನ್ನುತ್ತಾರೆ. ಸುಳ್ಳಲ್ಲ. ಅವರು ತಿನ್ನುವುದಿಲ್ಲ, ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ. ತಂಬಾಕನ್ನು ಹಂಚಿನ ಮೇಲೆ ಸುಟ್ಟು ಮಾಡಿದ ಕಪ್ಪು ಪುಡಿ ಅದು. ಮುಂಜಾನೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಬೇಜಾರಾದರೆ ಮತ್ತೊಮ್ಮೆ. ಅದು ಹಲ್ಲಿನ ಪುಡಿ, ತಂಬಾಕು ಹೇಗಾದೀತು? ಆಮೇಲಾಮೇಲೆ ಡಾಕ್ಟರು ಬಿ.ಪಿ. ನೋಡುತ್ತಾ ಮೆಲ್ಲಗೆ, ಮಿಶ್ರಿ ಎಷ್ಟು ಸಲ ಹಚ್ತೀರಿ ಅಕ್ಕಾ ಎಂದು ಕೇಳುತ್ತಿದ್ದರು. ಹಚ್ಚುತ್ತೀರಾ ಎಂದಲ್ಲ, ಎಷ್ಟು ಸಲ ಎಂದು. ಸಿಕ್ಕಿಬಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ವರ್ಷಗಳು ಕಳೆದವು. ಅವರು ಭಾಲ್ಕಿಯ ತಾಲೂಕು ದವಾಖಾನೆಗೆ ಬಂದರು, ಸ್ವಲ್ಪ ತಡವಾಗಿ ನಾನೂ ಅಲ್ಲಿಗೇ ಬಂದೆ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಹಿಂದೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕೆಂದರೆ ಬೀದರಿಗೆ ಹೋಗಬೇಕಿತ್ತು, ಅದನ್ನು ಬಾಟಲಿಯಲ್ಲಿ ಬೆರೆಸಿ ಹನಿ ಹನಿಯಾಗಿ ಬಿಡಬೇಕಿತ್ತು. ಬಿ.ಪಿ. ಬೀಳುತ್ತಿತ್ತು, ಮೈ ನಡುಗುತ್ತಿತ್ತು, ನಾವು ಬಾಟಲಿ ನೋಡಬೇಕೋ ರೋಗಿ ನೋಡಬೇಕೋ ತಿಳಿಯುತ್ತಿರಲಿಲ್ಲ. ಈಗ ಒಂದೇ ಸಿರಿಂಜಿನಲ್ಲಿ ಒಂದೇ ಸಲಕ್ಕೆ ಕೊಡುವ ಔಷಧಿ ತಾಲೂಕಿಗೂ ಬಂತು. ಇಸಿಜಿಯನ್ನು ಮೊಬೈಲಿನಲ್ಲಿ ದೊಡ್ಡ ಊರಿನ ಹೃದಯ ತಜ್ಞರಿಗೆ ಕಳಿಸಿದರೆ, ಅವರು ಊಟ ಮಾಡುತ್ತಿದ್ದರೂ ಎಡಗೈಯಲ್ಲಿ ಉತ್ತರ ಕಳಿಸುತ್ತಿದ್ದರು. ಯಂತ್ರಗಳನ್ನು ಬೈಯುವುದು ಮುದುಕರ ಹಕ್ಕು. ಈ ಮೊಬೈಲನ್ನು ಮಾತ್ರ ನಾನು ಬೈಯಲಾರೆ.

ಒಂದು ಮಧ್ಯಾಹ್ನ ಹತ್ತಿರದ ಭಾತಂಬ್ರಾದಿಂದ ಒಬ್ಬ ಹೆಂಗಸನ್ನು ಅವಳ ತಮ್ಮ ಕರೆತಂದ. ಹೊಟ್ಟೆ ಉಬ್ಬಿದೆ, ವಾಂತಿಯಾಗಿದೆ, ಗ್ಯಾಸಿನ ಗುಳಿಗೆ ಕೊಡಿ ಎಂದ. ಮುಖ ನೋಡಿದೆ. ತಲೆ ಬೆಳ್ಳಗಾಗಿದ್ದರೂ ಗುರುತು ಸಿಕ್ಕಿತು. ರತ್ನಾಬಾಯಿ. ಗಂಡ ಸತ್ತ ಮೇಲೆ ತವರಿಗೆ ಬಂದು, ತಮ್ಮನ ಹೊಲದಲ್ಲಿ ತೊಗರಿ, ಸೋಯಾ ನೋಡಿಕೊಂಡು ಇದ್ದಳಂತೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಹಣೆಯ ಮೇಲೆ ಬೆವರು ಮುತ್ತುಗಟ್ಟಿತ್ತು. ಚಾದರ ಹೊದಿಸಿ ಇಸಿಜಿ ತೆಗೆದೆ. ಕೆಳಗೆ ಮಲಗಿರಬೇಕಾದ ಗೆರೆಗಳು ಎದ್ದು ನಿಂತಿದ್ದವು. ಗ್ಯಾಸಲ್ಲ, ಹೃದಯಾಘಾತ.

ಡಾಕ್ಟರು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಗುರುತು ಹಿಡಿದರು. ಅವರು ನನ್ನ ಕೈಯಿಂದ ಇಸಿಜಿ ಕಾಗದ ತೆಗೆದುಕೊಂಡರು. ಅವಳು ತಮ್ಮನ ಕಡೆ ತಿರುಗಿ, ನನ್ನನ್ನು ಇಲ್ಲಿಂದ ಒಯ್ಯಿ ಎಂದಳು. ತಮ್ಮನಿಗೂ ಅದೇ ಬೇಕಿತ್ತು. ಹೈದರಾಬಾದಿಗೆ ಒಯ್ಯುತ್ತೇವೆ, ದೊಡ್ಡ ದವಾಖಾನೆ, ಈಗಲೇ ಜೀಪು ತರಿಸುತ್ತೇನೆ ಎಂದು ಬಾಗಿಲಿಗೆ ನಡೆದೇಬಿಟ್ಟ. ಡಾಕ್ಟರು ಅವನಿಗೆ ಹೇಳಿದರು: ಒಯ್ಯುವುದು ಬೇಡವೆನ್ನುವುದಿಲ್ಲ, ನಾಳ ಹಿಗ್ಗಿಸಿ ಸ್ಟೆಂಟ್ ಹಾಕಲು ಹೋಗಲೇಬೇಕು. ಆದರೆ ಅಷ್ಟು ದೂರದ ಹಾದಿಯುದ್ದಕ್ಕೂ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ. ಇಂಜೆಕ್ಷನ್ ಇಲ್ಲೇ ಕೊಟ್ಟು ಮುಚ್ಚಿದ ದಾರಿ ತೆರೆಯಲು ನೋಡಬೇಕು, ಆಮೇಲೆ ಒಯ್ಯಬೇಕು. ಕೆಲವರಿಗೆ ಇದರಿಂದ ರಕ್ತಸ್ರಾವ ಆಗುವುದುಂಟು, ಅಪರೂಪಕ್ಕೆ ಮೆದುಳಿನಲ್ಲೂ ಆಗಬಹುದು. ಅದನ್ನೂ ಮುಚ್ಚಿಡದೆ ಹೇಳಿದರು. ಅವಳ ತಮ್ಮ ಗೊಂದಲಕ್ಕೆ ಬಿದ್ದು ಅಕ್ಕನ ಮುಖ ನೋಡಿದ.

ಹೇಗಾದರೂ ಒಪ್ಪಿಸಬೇಕೆಂದು ನಾನು ಬಾಯಿ ಹಾಕಲು ಹೊರಟೆ. ಡಾಕ್ಟರು ಕಣ್ಣಿನಲ್ಲೇ ತಡೆದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಆ ಕಾಗದವನ್ನು ಅವಳ ಕಣ್ಣೆದುರಿಗೆ ಹಿಡಿದರು. ಇಲ್ಲಿ ನೋಡಿ, ಈ ಗೆರೆ ಹೀಗೆ ಏಳಬಾರದು, ಎದ್ದಿದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ನಮ್ಮದೇ ಮಾತಿನಲ್ಲಿ, ತಡೆತಡೆದು, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ಅವತ್ತ ನಾ ಇದು ತೆಗೀಲಿಲ್ಲ ಅಕ್ಕಾ. ಇವತ್ತ ತೆಗದೀನಿ. ನೀವು ಹ್ಯಾಂಗ ಹೇಳ್ತೀರಿ ಹಂಗ."

ನನ್ನ ಮನಸ್ಸೆಲ್ಲ ಆ ಸಿರಿಂಜಿನ ಮೇಲಿತ್ತು. ಅವಳು ಹೊರಟುಬಿಟ್ಟರೆ ಹಾದಿಯಲ್ಲೇ ಜೀವ ಹೋಗುತ್ತದೆ, ಈ ಮನುಷ್ಯ ಇನ್ನೊಮ್ಮೆ ಸಾವಿನ ಮನೆಗೆ ಹೋಗಿ ನೆಲದ ಮೇಲೆ ಕೂರಬೇಕಾಗುತ್ತದೆ ಎಂದುಕೊಂಡೆ. ಅವಳು ಕಾಗದವನ್ನು ನೋಡಿದಳು, ಅವರನ್ನು ನೋಡಿದಳು. ಕೊಡ್ರಿ ಎಂದಳು.

ಹಿಂದೆ ಪಾರ್ಶ್ವವಾಯು ಹೊಡೆದಿದೆಯೇ, ಹತ್ತಿರದಲ್ಲಿ ಆಪರೇಷನ್ ಆಗಿದೆಯೇ, ಮಲದಲ್ಲಿ ರಕ್ತ ಹೋಗಿದೆಯೇ ಎಂದೆಲ್ಲ ಕೇಳಿ ಮುಗಿಸಿ, ಆಸ್ಪಿರಿನ್ ಅಗಿಯಲು ಕೊಟ್ಟು ಇಂಜೆಕ್ಷನ್ ಹಾಕಿದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಮಾನಿಟರಿನ ಗೆರೆ ಒಮ್ಮೆಗೇ ಮಕ್ಕಳು ಗೀಚಿದಂತಾಯಿತು, ರತ್ನಾಬಾಯಿಯ ಕಣ್ಣುಗುಡ್ಡೆಗಳು ಮೇಲೆ ಹೋದವು. ಮುಚ್ಚಿದ ನಾಳ ತೆರೆಯುವಾಗ ಕೆಲವೊಮ್ಮೆ ಹೃದಯ ಹೀಗೆ ಹುಚ್ಚೆದ್ದು ನಡುಗುತ್ತದೆ ಎಂದು ನಮಗೆ ಗೊತ್ತಿತ್ತು. ಡಾಕ್ಟರು ಎಲ್ಲರನ್ನೂ ಮಂಚದಿಂದ ದೂರ ಸರಿಸಿ ಅವಳ ಎದೆಗೆ ಶಾಕ್ ಕೊಟ್ಟರು. ಮೈ ಒಮ್ಮೆ ಎದ್ದು ಬಿತ್ತು. ಗೆರೆ ನೇರವಾಯಿತು, ನಿಂತಿತು, ಮತ್ತೆ ತನ್ನ ಲಯ ಹಿಡಿಯಿತು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು, ಯಾರು ನನ್ನನ್ನು ಒದ್ದವರು ಎಂದು ಕೇಳಿದಳು. ನಾನು ನಕ್ಕೆ, ನಗುತ್ತಲೇ ಅತ್ತೆ. ಡಾಕ್ಟರು ಗೋಡೆಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

ರತ್ನಾಬಾಯಿ ಬದುಕಿದ್ದಾಳೆ. ಹೈದರಾಬಾದಿನಲ್ಲಿ ಸ್ಟೆಂಟ್ ಹಾಕಿದರು. ಗುಳಿಗೆ ತಪ್ಪಿಸುವುದಿಲ್ಲ, ಉಪ್ಪು ಕಡಿಮೆ ಮಾಡಿದ್ದಾಳೆ, ಊರ ಹೊರಗಿನ ಹಾದಿಯಲ್ಲಿ ದಿನವೂ ನಡೆಯುತ್ತಾಳೆ. ಮಿಶ್ರಿ ಬಿಡಲು ಮಾತ್ರ ಬಹಳ ಜಗಳ ಮಾಡಿದಳು. ಗಂಡ ಹೋದಾಗ ಅದೊಂದೇ ಜೊತೆಗಿತ್ತು ಎಂದಳು. ಕೊನೆಗೆ ಬಿಟ್ಟಳು.

ಇಂಜೆಕ್ಷನ್ ಕೊಟ್ಟ ದಿನ ಸಂಜೆ ಅವಳನ್ನು ಹೈದರಾಬಾದಿನ ಹಾದಿಯಲ್ಲಿ ಬೀದರಿನವರೆಗೆ ಆಂಬುಲೆನ್ಸಿನಲ್ಲಿ ಕರೆದೊಯ್ದದ್ದು ನಾನು. ಅವಳ ತಮ್ಮ ಮುಂದೆ ಡ್ರೈವರ್ ಪಕ್ಕ ಕುಳಿತಿದ್ದ. ಹಾದಿಯಲ್ಲಿ ಅವಳು ನನ್ನ ಬೆರಳು ಹಿಡಿದುಕೊಂಡು ಮೆಲ್ಲಗೆ ಕೇಳಿದಳು.

"ಸಿಸ್ಟರ್, ಈ ಸೂಜಿ ಅವತ್ತ ಇತ್ತೇನ್ರಿ?"

ನರ್ಸುಗಳಿಗೆ ಸುಳ್ಳು ಹೇಳುವುದು ಕಷ್ಟದ ಕೆಲಸವಲ್ಲ. ಸೂಜಿ ಚುಚ್ಚುವಾಗಲೆಲ್ಲ ನೋಯುವುದಿಲ್ಲ ಎಂದು ಹೇಳುತ್ತಲೇ ಬಂದವರು ನಾವು. ಇರಲಿಲ್ಲ ಎಂದುಬಿಟ್ಟರೆ ಅವಳಿಗೆ ನಿದ್ದೆ ಬರುತ್ತಿತ್ತು. ಆದರೆ ಅವಳ ಕಣ್ಣು ನನ್ನ ಕಣ್ಣನ್ನೇ ಹಿಡಿದಿತ್ತು. ಇಂಥದೇ ಬೇರೆ ಔಷಧಿ ಇತ್ತು, ನಮ್ಮಲ್ಲಿ ಅಲ್ಲ, ಬೀದರಿನಲ್ಲಿ ಎಂದೆ. ತಕ್ಷಣ ಇಸಿಜಿ ತೆಗೆದು ಕಳಿಸಿದ್ದರೆ ವೈಜನಾಥ ಬೀದರಿಗೆ ಮುಟ್ಟುತ್ತಿದ್ದನೋ ಇಲ್ಲವೋ ಹೇಳಲಾರೆ, ಉಳಿದರೂ ಉಳಿಯುತ್ತಿದ್ದ ಎಂದೆ. ಅವಳು ಕಣ್ಣು ಮುಚ್ಚಿದಳು. ನಿದ್ದೆ ಹತ್ತಿರಬೇಕು ಎಂದುಕೊಂಡು ನಾಡಿ ನೋಡಲು ಕೈ ಹಿಡಿದೆ. ಕಣ್ಣು ತೆರೆಯದೆಯೇ ಹೇಳಿದಳು.

"ಇದು ಡಾಕ್ಟರ್ ಸಾಬ್‌ಗ ಹೇಳಬ್ಯಾಡ್ರಿ. ಅವ್ರು ಇನ್ನಾ ಭಾಳ ಮಂದಿಗಿ ನೋಡೋದದ."

ಅವರಿಗೆ ಅದು ಮೊದಲ ದಿನದಿಂದಲೂ ಗೊತ್ತಿತ್ತು. ಆದರೂ ನಾನು ಹೇಳಲಿಲ್ಲ.